ಟ್ರಂಕಿನೊಳಗಿನ ಹಳೆಯ ಫೋಟೊ ಓದುವುದು ಹೇಗೆ?



ಕಳೆದ ವರ್ಷ ನಮ್ಮ ಸದಸ್ಯರೊಬ್ಬರು ಮಕ್ತಲ್ ಕಡೆಯ ತಮ್ಮ ಹಳ್ಳಿಮನೆಯ ಟ್ರಂಕಿನಲ್ಲಿ ಸಿಕ್ಕ ಒಂದು ಶಾಲಾ ಫೋಟೊ ತಂದರು. ಒಟ್ಟು 23 ಹುಡುಗರು, ನಡುವೆ ಕುರ್ಚಿಯ ಮೇಲೆ ಶೇರವಾನಿ, ರೂಮಿ ಟೋಪಿ ಹಾಕಿದ ಇಬ್ಬರು ಮಾಸ್ತರರು. ಮುಂದಿನ ಸಾಲಿನ ಹುಡುಗನೊಬ್ಬನ ಕೈಯಲ್ಲಿ ಪಾಟಿ. ಅದರ ಮೇಲೆ ಉರ್ದು ಅಂಕಿಗಳಲ್ಲಿ 1352 ಎಂದು ಬರೆದಿದೆ. ಇದು ಯಾವ ಇಸವಿ ಎಂಬುದು ಅವರ ಪ್ರಶ್ನೆ.

ಹಿಜರಿ ಎಂದು ಓದಿದರೆ ಅದು 1933-34 ಆಗುತ್ತದೆ. ಆದರೆ ನಿಜಾಮರ ಕಾಲದಲ್ಲಿ ಸರಕಾರಿ ಕಚೇರಿ, ಶಾಲೆಗಳ ವ್ಯವಹಾರ ನಡೆಯುತ್ತಿದ್ದದ್ದು ಫಸಲಿ ವರ್ಷದ ಮೇಲೆ. ನೌಕರಿಯಲ್ಲಿದ್ದಾಗ ಹಳೆಯ ಜಮೀನು ಕಾಗದಗಳಲ್ಲಿ ಅದನ್ನು ನೋಡಿ ನನಗೆ ರೂಢಿ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಶುರುವಾಗುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಅದು ಶುರುವಾದ ಇಸವಿ ಸಿಗುತ್ತದೆ. ಅಂದರೆ 1352 ಫಸಲಿ ಎಂದರೆ 1942ರ ಅಕ್ಟೋಬರ್‌ನಿಂದ 1943ರ ಅಕ್ಟೋಬರ್‌ವರೆಗೆ. ಎರಡು ಲೆಕ್ಕಕ್ಕೆ ಒಂಬತ್ತು ವರ್ಷದ ವ್ಯತ್ಯಾಸ.

ಯಾವುದು ಸರಿ ಎಂದು ಗಟ್ಟಿ ಮಾಡಿಕೊಳ್ಳಲು ಆ ಊರಿಗೇ ಹೋದೆವು. ತೊಂಬತ್ತು ದಾಟಿದ ಹಿರಿಯರೊಬ್ಬರು ಭೂತಕನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. “ಇಂವ ನಮ್ಮ ಓಣಿ ಹುಡುಗ ನೋಡಪಾ” ಎಂದು ಒಬ್ಬನನ್ನು ಗುರುತಿಸಿದರು. ಅವನ ಪಕ್ಕ ಕುಳಿತವನು ತಾವೇ ಎಂದು ಆಮೇಲೆ ತಿಳಿಯಿತು. ಆಗ ತಮಗೆ ಹತ್ತು ವರ್ಷ ಎಂದರು. ಹಿಜರಿ ಲೆಕ್ಕ ಹಿಡಿದಿದ್ದರೆ ಅವರು ತೊಟ್ಟಿಲಲ್ಲಿರಬೇಕಿತ್ತು! ಹೀಗೆ ಫಸಲಿಯೇ ಸರಿ ಎಂದಾಯಿತು.

ಹಳೆಯ ಫೋಟೊದಲ್ಲಿ ಏನೇನು ನೋಡಬೇಕು?

ಮೊದಲು ಹಿಂಬದಿ ತಿರುಗಿಸಿ ನೋಡಿರಿ. ಸ್ಟುಡಿಯೊ ಮುದ್ರೆ, ಊರಿನ ಹೆಸರು ಅಲ್ಲಿರುತ್ತವೆ. ಗದ್ವಾಲದ ಫೋಟೊದ ಮೇಲೆ “ಜಿಲ್ಲಾ ರಾಯಚೂರು” ಎಂದಿದ್ದರೆ ಅದು ತಪ್ಪಲ್ಲ. ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿಯೇ ಇದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಅಂಥ ಬರಹ ಕಂಡರೆ ಫೋಟೊ ಬಹುತೇಕ ಅದಕ್ಕಿಂತ ಹಿಂದಿನದು.

ಎರಡನೆಯದು ಉಡುಪು. ನಾರಾಯಣಪೇಟೆ ಸೀರೆಯ ಚೌಕಳಿ ಕಪ್ಪು ಬಿಳುಪಿನಲ್ಲಿಯೂ ಗುರುತು ಸಿಗುತ್ತದೆ. ಗದ್ವಾಲ ಸೀರೆಯಾದರೆ ಮೈ ಹತ್ತಿಯದು, ಅಂಚು ಸೆರಗು ರೇಷ್ಮೆಯವು. ಬಣ್ಣ ಮಾತ್ರ ಮೋಸ ಮಾಡುತ್ತದೆ. ಹಳೆಯ ಕಾಲದ ಹಲವು ಫಿಲ್ಮುಗಳಲ್ಲಿ ಕೆಂಪು ಬಣ್ಣ ಕಪ್ಪಾಗಿ ಬೀಳುತ್ತಿತ್ತು. ಅಜ್ಜಿಯ ಕುಂಕುಮ, ಸೀರೆಯ ಕೆಂಪು ಅಂಚು ಎರಡೂ ಕಪ್ಪಾಗಿ ಕಂಡರೆ ಆಶ್ಚರ್ಯಪಡಬೇಡಿರಿ. ಹಾಗೆಯೇ ಅಜ್ಜನ ಕೋಟು, ಕೈಗಡಿಯಾರ ನೋಡಿ ಆಗ ನಮ್ಮ ಮನೆ ಶ್ರೀಮಂತವಾಗಿತ್ತು ಎಂದುಕೊಳ್ಳುವುದೂ ಬೇಡ. ಎಷ್ಟೋ ಸಲ ಅವು ಸ್ಟುಡಿಯೊದವರೇ ಕೊಟ್ಟವು.

ಮೂರನೆಯದು ಹಿನ್ನೆಲೆ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಜೂರಾಲ ಜಲಾಶಯದಲ್ಲಿ 1990ರ ದಶಕದಲ್ಲಿ ನೀರು ನಿಂತಿತು. ಹೊಲಗಳಿಗೆ ನೀರು, ಊರುಗಳಿಗೆ ಬೆಳಕು ಬಂತು, ಸಂತೋಷವೇ. ಆದರೆ ನದಿ ದಂಡೆಯ ಎಷ್ಟೋ ಮನೆ, ಹೊಲ, ಗುಡಿಕಟ್ಟೆಗಳು ಹಿನ್ನೀರಿನಲ್ಲಿ ಹೋದವು. ಆ ಮನೆಗಳ ಚಿತ್ರ ಬೇಕೆಂದು ಯಾರೂ ಆಗ ತೆಗೆಸಿಕೊಳ್ಳಲಿಲ್ಲ. ಮದುವೆಯ ಫೋಟೊದಲ್ಲಿ ಮದುಮಕ್ಕಳ ಬೆನ್ನ ಹಿಂದೆ ಕಾಣುವ ಕಲ್ಲುಗೋಡೆ, ಕಟ್ಟೆ, ಬೇವಿನ ಗಿಡ, ದಂಡೆಯ ಮೇಲೆ ಬೋರಲು ಹಾಕಿದ ಹರಿಗೋಲು, ಇಷ್ಟೇ ಈಗ ಆ ಊರಿನ ದಾಖಲೆ.

ದೊಡ್ಡವರ ಫೋಟೊಗಳು ಹೇಗೋ ಉಳಿಯುತ್ತವೆ. ಆರನೆಯ ನಿಜಾಮರ ಫೋಟೊಗ್ರಾಫರ್ ರಾಜಾ ದೀನ್ ದಯಾಳ್ ಅವರು ತೆಗೆದ ದರ್ಬಾರು, ಅರಮನೆ, ಶಿಕಾರಿಯ ಚಿತ್ರಗಳ ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಜೋಪಾನವಾಗಿವೆ. ನಮ್ಮ ಮಗ್ಗ, ಜಾತ್ರೆ, ಕನ್ನಡ ಶಾಲೆ, ಅಂಗಡಿಯ ಕನ್ನಡ ಬೋರ್ಡು, ಇವಕ್ಕೆ ನಮ್ಮ ಟ್ರಂಕೇ ಭಂಡಾರ. ಈ ಭಾಗದಲ್ಲಿ ಕನ್ನಡ ಮನೆಮಾತಾಗಿ ಬಾಳಿದೆ ಎಂಬುದಕ್ಕೆ ಇಂಥ ಸಾಕ್ಷಿ ಬೇರೆ ಇಲ್ಲ.

ಏನು ಮಾಡಬೇಕು?

ಫೋಟೊದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿರಿ, ಒತ್ತು ಮುಂದೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಲ್ಯಾಮಿನೇಷನ್ ಮಾಡಿಸಬೇಡಿರಿ. ಗಾಜಿಗೆ ಅಂಟಿಕೊಂಡದ್ದನ್ನು ಕೀಳಬೇಡಿರಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಬಹುದು. ಮೊಬೈಲಿನಲ್ಲಿ ತೆಗೆಯುವುದಾದರೆ ಫ್ಲಾಶ್ ಬೇಡ, ಕಿಟಕಿಯ ನೆರಳು ಬೆಳಕಿನಲ್ಲಿ ತೆಗೆಯಿರಿ. ಹಿಂಬದಿಯನ್ನೂ ತೆಗೆಯಲು ಮರೆಯಬೇಡಿರಿ. ಎಲ್ಲಕ್ಕೂ ಮೊದಲು, ಮನೆಯ ಹಿರಿಯರ ಪಕ್ಕ ಕುಳಿತು ಎಡದಿಂದ ಬಲಕ್ಕೆ, ಸಾಲುಸಾಲಾಗಿ ಹೆಸರು ಕೇಳಿ ಬರೆದುಕೊಳ್ಳಿರಿ.

ಆ ಶಾಲಾ ಫೋಟೊದ ಮಾತು ಪೂರ್ತಿ ಹೇಳಲಿಲ್ಲ. ಅಂದು ಹಿರಿಯರು ತಮ್ಮನ್ನೂ ಸೇರಿಸಿ ನಾಲ್ವರ ಹೆಸರು ಹೇಳಿ ದಣಿದರು. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಬರುತ್ತೇವೆ, ಉಳಿದದ್ದು ಆಗ ಹೇಳುವಿರಂತೆ ಎಂದು ಬಂದೆವು. ಆ ಕೆಲಸ ಈ ಕೆಲಸ ಎಂದು ಎರಡು ತಿಂಗಳು ತಡವಾಯಿತು. ಪ್ರಿಂಟ್ ಹಿಡಿದು ಹೋದಾಗ ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು. ನಾಲ್ಕು ಹೆಸರು ಉಳಿದವು, ಹತ್ತೊಂಬತ್ತು ಹೋದವು. ಆ ತಡ ನನ್ನದೇ.

ಆದ್ದರಿಂದ ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಮನೆಯಿಂದ ಒಂದಾದರೂ ಹಳೆಯ ಫೋಟೊ ತನ್ನಿರಿ. ಅಲ್ಲಿಯೇ ಸ್ಕ್ಯಾನ್ ಮಾಡಿ ಅಸಲು ನಿಮ್ಮ ಕೈಗೇ ಕೊಡುತ್ತೇವೆ. ಸಾಧ್ಯವಿದ್ದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಬನ್ನಿರಿ. ಅವರಿಗೆ ಕುರ್ಚಿ ಮುಂದಿನ ಸಾಲಿನಲ್ಲಿಯೇ ಹಾಕಿರುತ್ತೇವೆ.

ಇಂತಿ,
ಕಾರ್ಯದರ್ಶಿ