ಮೆಟ್ಟುಗತ್ತಿಯ ಮುಂದಿನ ಜಾಗ

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಅಡಿಕೆಯ ಕೊಯ್ಲು ಬಂದಿತೆಂದರೆ ಹಿಂದೆ ಇರುಳಿಗೂ ಬಿಡುವಿರುತ್ತಿರಲಿಲ್ಲ. ಹಗಲೆಲ್ಲ ತೋಟದಿಂದ ಹೊತ್ತು ತಂದ ಕೊನೆಗಳು ಅಂಗಳದಲ್ಲಿ ಗುಡ್ಡೆಯಾಗುತ್ತಿದ್ದವು. ಊಟ ಮುಗಿದ ಮೇಲೆ ನೆರೆಹೊರೆಯವರು, ಅದರಲ್ಲಿಯೂ ಹೆಂಗಸರು, ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತು ನಡುರಾತ್ರಿಯವರೆಗೆ ಸುಲಿಯುತ್ತಿದ್ದರು. ಮಣೆಗೆ ನೆಟ್ಟಗೆ ಕೂರಿಸಿದ ಕತ್ತಿಯೇ ಮೆಟ್ಟುಗತ್ತಿ. ಕಾಯನ್ನು ಅದರ ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಬೆಟ್ಟೆ ಇನ್ನೊಂದು ಕಡೆ. ಸುಲಿದ ಅಡಿಕೆಯನ್ನು ಅಳೆದು ಕೂಲಿ ಕೊಡುವುದು ವಾಡಿಕೆ. ತೋಟವಿಲ್ಲದ ಮನೆಗಳಿಗೆ ವರ್ಷದಲ್ಲಿ ಕೆಲವು ತಿಂಗಳು ಕೈಗೆ ನಗದು ಬರುತ್ತಿದ್ದುದು ಈ ದಾರಿಯಿಂದ.

ಈ ಶತಮಾನದ ಮೊದಲೆರಡು ದಶಕಗಳಲ್ಲಿ ಆ ಸಾಲು ಬಹುಮಟ್ಟಿಗೆ ಕರಗಿತು. ಇಂದು ಅಂಗಳದಲ್ಲಿ ಕೇಳಿಸುವುದು ಮೋಟಾರಿನ ಸದ್ದು.

ಅಡಿಕೆ ಸುಲಿಯುವ ಯಂತ್ರವನ್ನು ರೂಪಿಸುವುದು ಹೊರಗಿನವರು ಎಣಿಸುವಷ್ಟು ಸುಲಭವಾಗಿರಲಿಲ್ಲ. ಒಂದೇ ಕೊನೆಯಲ್ಲಿ ಸಣ್ಣದು, ದೊಡ್ಡದು, ಉದ್ದನೆಯದು, ಗುಂಡಗಿನದು ಎಲ್ಲವೂ ಇರುತ್ತವೆ. ತಿರುಗುವ ಭಾಗಕ್ಕೂ ಅಲಗಿಗೂ ನಡುವೆ ಬಿಡುವ ಅಂತರ ಹೆಚ್ಚಾದರೆ ಸಣ್ಣ ಕಾಯಿ ಸುಲಿಯದೆ ಜಾರುವುದು. ಕಡಿಮೆಯಾದರೆ ದೊಡ್ಡದು ಗಾಯಗೊಳ್ಳುವುದು. ಗಾಯಗೊಂಡ ಅಡಿಕೆಗೆ ಬೆಲೆಯಿಲ್ಲ. ಮನುಷ್ಯನ ಹೆಬ್ಬೆರಳು ಈ ಅಂತರವನ್ನು ಪ್ರತಿ ಕಾಯಿಗೂ ಹೊಸದಾಗಿ ಲೆಕ್ಕ ಹಾಕುತ್ತಿತ್ತು. ಯಂತ್ರಕ್ಕಾದರೋ ಕಾಯನ್ನು ಮೊದಲೇ ಗಾತ್ರಕ್ಕನುಸಾರ ವಿಂಗಡಿಸಿಕೊಡಬೇಕು, ಇಲ್ಲವೆ ಸ್ಪ್ರಿಂಗಿನ ನೆರವಿನಿಂದ ಅಂತರ ತಾನಾಗಿಯೇ ಹಿಗ್ಗಿ ಕುಗ್ಗುವಂತೆ ಮಾಡಬೇಕು. ಇಷ್ಟಾದರೂ ಸುಲಿಯದೆ ಉಳಿದ ಕಾಯಿಗಳನ್ನು ಆರಿಸಲು ಪಕ್ಕದಲ್ಲಿ ಒಬ್ಬಿಬ್ಬರು ಇರಲೇಬೇಕು.

ಹಾಗಿದ್ದರೂ ಬೆಳೆಗಾರನು ಯಂತ್ರಕ್ಕೆ ಮನಸೋತದ್ದೇಕೆ? ಕೆಂಪಡಿಕೆಗೆಂದು ಕೊಯ್ದ ಎಳೆಯ ಕಾಯನ್ನು ಬೇಗನೆ ಸುಲಿದು ಬೇಯಿಸಿ ಒಣಗಿಸದಿದ್ದರೆ ಗುಣ ಕೆಡುತ್ತದೆ. ಎಲ್ಲ ತೋಟಗಳ ಕೊಯ್ಲೂ ಒಟ್ಟಿಗೆ ಬರುವುದರಿಂದ ಎಲ್ಲರಿಗೂ ಅದೇ ವಾರ ಅದೇ ಕೈಗಳು ಬೇಕು. ಚಾಲಿಯ ಮಾತು ಬೇರೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಸುಮಾರು ಒಂದೂವರೆ ತಿಂಗಳು ಬಿಸಿಲಿಗೆ ಹಾಕಿ ಪುರುಸೊತ್ತಿನಲ್ಲಿ ಸುಲಿಯಬಹುದು. ಈಗ ಯಂತ್ರವನ್ನು ವಾಹನದಲ್ಲಿ ಹೇರಿಕೊಂಡು ಮನೆಯಿಂದ ಮನೆಗೆ ಹೋಗಿ ಸುಲಿದುಕೊಡುವವರೂ ಇದ್ದಾರೆ. ಇದು ಹೊಸ ಉದ್ಯೋಗವೇ ಸರಿ, ಆದರೆ ಒಂದು ಸಾಲಿನ ಕೂಲಿ ಇಲ್ಲಿ ಒಂದು ಜೇಬಿಗೆ ಸೇರುತ್ತದೆ. ಅಕ್ಕಿಯ ಗಿರಣಿಗಳು ಬಂದಾಗ ಕೊಟ್ಟಣ ಕುಟ್ಟಿ ಬದುಕುತ್ತಿದ್ದ ಹೆಂಗಸರಿಗೂ ಇದೇ ಗತಿಯಾಯಿತು. ಒನಕೆ ಮೂಲೆ ಸೇರಿದ್ದಕ್ಕೆ ಅಂದು ಅತ್ತವರು ಕಡಿಮೆ. ಕೆಲಸದ ಕಷ್ಟ ಕಣ್ಣಿಗೆ ಬೀಳುತ್ತದೆ, ಹೋದ ಕೂಲಿ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ.

ಅದೇ ತೋಟದ ಇನ್ನೊಂದು ಸಲಕರಣೆಯ ಕಥೆ ಇದಕ್ಕೆ ತಿರುವುಮುರುವು. ಕಾಲಿಗೆ ಬಳೆಯಂತೆ ಹಗ್ಗ ಸಿಕ್ಕಿಸಿಕೊಂಡು ಅಡಿಕೆಮರವೇರಿ, ಅಲ್ಲಿಂದಲೇ ವಾಲಿ ಪಕ್ಕದ ಮರಕ್ಕೆ ದಾಟುವ ಕೊನೆಗೌಡನ ವಿದ್ಯೆಯನ್ನು ಕಲಿಯುವ ತರುಣರು ವಿರಳರಾದರು. ಬಿದ್ದರೆ ಬೆನ್ನು ಮುರಿಯುವ ಕೆಲಸಕ್ಕೆ ಮಗನನ್ನು ಕಳುಹಿಸಲು ಯಾವ ತಂದೆ ಒಪ್ಪಿಯಾನು? ಮಳೆಗಾಲದ ಕೊಳೆರೋಗವಾದರೋ ಯಾರಿಗೂ ಕಾಯುವುದಿಲ್ಲ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕೊನೆಯನ್ನು ಮುಟ್ಟಲೇಬೇಕು. ಆ ತೆರವಿಗೆ ಬಂದುದು ಇಂಗಾಲದ ಎಳೆಗಳಿಂದ ಮಾಡಿದ ದೋಟಿ. ಈ ವಸ್ತುವಿನ ಸಾಂದ್ರತೆ ನೀರಿನ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು; ಅಲ್ಯೂಮಿನಿಯಮ್ಮಿನದು 2.7, ಉಕ್ಕಿನದು ಸುಮಾರು 7.8. ಬಲವುಳ್ಳದ್ದಾಗಿಯೂ ಹಗುರವಾದ್ದರಿಂದ ಮರದೆತ್ತರದ ಕೋಲನ್ನು ನೆಲದ ಮೇಲೆ ನಿಂತೇ ಎತ್ತಬಹುದು. ದೋಟಿ ಬಂದುದು ಖಾಲಿಯಾಗಿದ್ದ ಜಾಗಕ್ಕೆ. ಸುಲಿಯುವ ಯಂತ್ರ ಬಂದಾಗ ಮೆಟ್ಟುಗತ್ತಿಯ ಮುಂದೆ ಇನ್ನೂ ಜನ ಕುಳಿತಿದ್ದರು. ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ವಾದಿಸುವವರು ಈ ಭೇದವನ್ನು ಗಮನಿಸುವುದೇ ಇಲ್ಲ.

ಇನ್ನು ಮೊಬೈಲಿನ ವಿಚಾರ. 1923ರಲ್ಲಿ ಶಿರಸಿಯ ತೋಟಗಾರರು ಸಹಕಾರಿ ಮಾರಾಟ ಸಂಘವನ್ನು ಕಟ್ಟಿದುದು ಒಂಟಿ ಬೆಳೆಗಾರನು ವ್ಯಾಪಾರಿಯ ಎದುರು ಕೈಚೆಲ್ಲಬಾರದೆಂದು. ಈಗ ಅಂದಿನ ಧಾರಣೆ ಅಂಗೈಯಲ್ಲಿಯೇ ತಿಳಿಯುತ್ತದೆ. ಅಪ್ಪೆಮಿಡಿಯ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಜೇನುತುಪ್ಪಗಳನ್ನು ಮೊಬೈಲಿನ ಮೂಲಕವೇ ಬೆಂಗಳೂರು, ಮುಂಬಯಿಗಳಿಗೆ ಮಾರುವ ಮನೆಗಳೂ ಹುಟ್ಟಿಕೊಂಡಿವೆ. ಕೂಲಿ ಕಳೆದುಕೊಂಡ ಹೆಂಗಸರಿಗೆ ಇದೇ ಪರಿಹಾರವೆಂದು ಹೇಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ.

ಸಂತೆಯಲ್ಲಿ ಗಿರಾಕಿಯು ಉಪ್ಪಿನಕಾಯಿಯ ಪರಿಮಳ ನೋಡಿ ಕೊಳ್ಳುತ್ತಾನೆ. ಪರದೆಯ ಮೇಲೆ ಮೂಗಿಗೆ ಕೆಲಸವಿಲ್ಲ. ಅಲ್ಲಿ ಹೆಸರೇ ಪರಿಮಳದ ಬದಲಿ. ‘ಶಿರಸಿ ಸುಪಾರಿ’ಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತು ಅಂತಹ ಒಂದು ಹೆಸರು, ಈ ಮೂರು ತಾಲೂಕುಗಳ ಬೆಳೆಗೆ ಮಾತ್ರ ಅದು ಸಲ್ಲುತ್ತದೆ. ತಿನಿಸು ಮಾರುವವರು 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ನೋಂದಾಯಿಸಿಕೊಳ್ಳಬೇಕು. ದೊಡ್ಡ ಆನ್‌ಲೈನ್ ಮಳಿಗೆಗಳ ಮೂಲಕ ಸರಕು ಮಾರುವವರಿಗೆ, ವಹಿವಾಟು ಎಷ್ಟೇ ಸಣ್ಣದಿರಲಿ, ಜಿಎಸ್‌ಟಿ ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗಿನ ಸಣ್ಣ ಮಾರಾಟಕ್ಕೆ ವಿನಾಯಿತಿ ಬಂದಿತು. ಅಂದರೆ ಬೆಂಗಳೂರಿನ ಗಿರಾಕಿ ಹತ್ತಿರವಾದ, ಮುಂಬಯಿಯವನು ದೂರವೇ ಉಳಿದ. ಗಾಜಿನ ಭರಣಿಯ ತೂಕಕ್ಕೂ ಅಂಚೆಯ ಖರ್ಚು ತೆರಬೇಕು. ಗುಡ್ಡಗಳು ರೇಡಿಯೋ ಅಲೆಗಳಿಗೆ ಅಡ್ಡ ನಿಲ್ಲುವುದರಿಂದ ಕಣಿವೆಯ ಮನೆಯವರು ಬೇಡಿಕೆ ಬಂದಿದೆಯೇ ಎಂದು ನೋಡಲು ದಿಬ್ಬ ಹತ್ತಬೇಕಾದೀತು.

ಸ್ವಂತ ಮಾವಿನಮರ, ಬ್ಯಾಂಕಿನ ಖಾತೆ, ಬರವಣಿಗೆ ಬಲ್ಲ ಮಗಳು, ಪಟ್ಟಣದಲ್ಲಿ ನಾಲ್ಕು ಮಂದಿ ನೆಂಟರು ಇದ್ದವರಿಗೆ ಇವೆಲ್ಲ ದಾಟತಕ್ಕ ತೊಡಕುಗಳೇ. ಆದರೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದಾಕೆಯ ಬಳಿ ಇದ್ದುದು ಹೆಬ್ಬೆರಳಿನ ಜಾಣ್ಮೆ ಒಂದೇ. ಹೋದ ಕೆಲಸ ಒಬ್ಬಳದು, ಬಂದ ಕೆಲಸ ಇನ್ನೊಬ್ಬಳದು. ಒಟ್ಟು ಲೆಕ್ಕದಲ್ಲಿ ಎರಡೂ ಸರಿಹೋದಂತೆ ತೋರುವುದರಿಂದಲೇ ಮೊದಲನೆಯವಳು ಮರೆಯಾಗುತ್ತಾಳೆ. ಅಡಿಕೆಯ ಭವಿಷ್ಯವೂ ನಿಶ್ಚಿಂತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದನ್ನು ಮನುಷ್ಯನಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಸದ್ಯಕ್ಕೆ ಆಕೆಗೆ ಉಳಿದಿರುವುದು ಆರಿಸುವ ಕೆಲಸ. ಒಣಗಿದ ಅಡಿಕೆಯನ್ನು ಹರಡಿಕೊಂಡು ರಾಶಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂದು ಬೇರ್ಪಡಿಸಬೇಕು; ಒಂದೊಂದಕ್ಕೂ ಪೇಟೆಯಲ್ಲಿ ಬೇರೆ ಬೇರೆ ಧಾರಣೆ. ಅಕ್ಕಿಯ ಗಿರಣಿಗಳಲ್ಲಿ ಈ ಬಗೆಯ ಕೆಲಸವನ್ನು ಕ್ಯಾಮರಾ ಮಾಡುತ್ತಿದೆ: ಕಾಳು ಬೀಳುತ್ತಿರುವಂತೆಯೇ ಅದರ ಬಣ್ಣವನ್ನು ಗುರುತಿಸಿ, ಬೇಡವಾದುದನ್ನು ಗಾಳಿಯ ಚಿಮ್ಮುವಿಕೆಯಿಂದ ಹೊರಕ್ಕೆ ತಳ್ಳುತ್ತದೆ. ಅಡಿಕೆಯ ವಿಷಯದಲ್ಲಿ ಹೊರಗಿನ ಬಣ್ಣವಷ್ಟೇ ಸಾಲದು. ಕೈಯಲ್ಲಿ ಹಿಡಿದಾಗಿನ ತೂಕ, ಒಂದಕ್ಕೊಂದು ತಾಗಿದಾಗಿನ ಸದ್ದು, ಒಳಗಿನ ಟೊಳ್ಳು ಇವೂ ಲೆಕ್ಕಕ್ಕೆ ಬರುತ್ತವೆ. ನುರಿತ ಹೆಂಗಸು ಇದನ್ನೆಲ್ಲ ಒಂದು ಕ್ಷಣದಲ್ಲಿ ತೂಗಿ ನೋಡಿ, ಬುಟ್ಟಿ ಯಾವುದೆಂದು ತಿರುಗಿಯೂ ನೋಡದೆ, ಅಡಿಕೆಯನ್ನು ಅದರ ಪಾಲಿಗೆ ಎಸೆಯುತ್ತಾಳೆ.