ನಿಮಗಿದು ಗೊತ್ತೇ? ಹೆಸರು ಕಂಪನಿಯದು, ಕೈ ಕಳ್ಳನದು

ಇ-ಮೇಲ್ ಬಂದಾಗ ಮೇಲುಗಡೆ ಕಾಣುವ ‘ಕಳುಹಿಸಿದವರು’ ಎಂಬ ಹೆಸರನ್ನು ಯಾರೂ ಪರೀಕ್ಷಿಸಿ ಹಾಕಿದ್ದಲ್ಲ, ಕಳುಹಿಸಿದವನೇ ಬರೆದುಕೊಂಡದ್ದು. ಲಕೋಟೆಯ ಮೇಲೆ ‘ಇಂದ’ ಎಂದು ಯಾರ ಹೆಸರು ಬೇಕಾದರೂ ಬರೆದು ಅಂಚೆ ಡಬ್ಬಿಗೆ ಹಾಕಬಹುದಲ್ಲ, ಹಾಗೆ. ಇ-ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳನ್ನು ಬರೆದದ್ದು 1982ರಲ್ಲಿ. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾಲಯಗಳವರು. ಒಬ್ಬರನ್ನೊಬ್ಬರು ನಂಬಿದ್ದರು. ಕಳುಹಿಸಿದವನು ನಿಜಕ್ಕೂ ಅವನೇನಾ ಎಂದು ಕೇಳುವ ಏರ್ಪಾಡೇ ಅದರಲ್ಲಿರಲಿಲ್ಲ.

ಹೀಗೆ ಬೇರೆಯವರ ಹೆಸರಿನಲ್ಲಿ ಸಂದೇಶ ಕಳಿಸಿ ಮಾಹಿತಿ ಕದಿಯುವ ವಂಚನೆಗೆ ‘ಫಿಶಿಂಗ್’ ಎಂದು ಹೆಸರು ಬಂದದ್ದು 1990ರ ದಶಕದ ನಡುವೆ. ಅಮೆರಿಕ ಆನ್‌ಲೈನ್ ಕಂಪನಿಯ ಸಿಬ್ಬಂದಿಯಂತೆ ನಟಿಸಿ ಗ್ರಾಹಕರ ಪಾಸ್‌ವರ್ಡ್ ಕೇಳುತ್ತಿದ್ದ ಹುಡುಗರ ಗುಂಪುಗಳಿದ್ದವು. ಗಾಳ ಹಾಕಿ ಮೀನು ಹಿಡಿಯುವ ಕೆಲಸವೇ ಇದು. ಇಂಗ್ಲಿಷ್ ಕಾಗುಣಿತದಲ್ಲಿ ‘ಎಫ್’ ಬದಲು ‘ಪಿ-ಎಚ್’ ಬಂತು, ಅಷ್ಟೆ.

ಭಾರತದಲ್ಲಿ ಇದು ನ್ಯಾಯಾಲಯದ ಮೆಟ್ಟಿಲೇರಿ ಇಪ್ಪತ್ತು ವರ್ಷ ದಾಟಿತು. ಕೆಲಸ ಕೊಡಿಸುವ ಸಂಸ್ಥೆಯೊಂದರವರು ಸಾಫ್ಟ್‌ವೇರ್ ಉದ್ಯಮದ ಒಕ್ಕೂಟ ನ್ಯಾಸ್ಕಾಂ ಹೆಸರಿನಲ್ಲಿ ಇ-ಮೇಲ್ ಕಳಿಸಿ ಜನರ ವೈಯಕ್ತಿಕ ಮಾಹಿತಿ ಸಂಗ್ರಹಿಸುತ್ತಿದ್ದರು. 2005ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್, ಫಿಶಿಂಗ್ ಬಗ್ಗೆ ಪ್ರತ್ಯೇಕ ಕಾನೂನು ಇಲ್ಲದಿದ್ದರೂ ಇದು ಅಕ್ರಮವೇ ಎಂದಿತು. ಆರೋಪಿಗಳು ರಾಜಿಯಾಗಿ 16 ಲಕ್ಷ ರೂಪಾಯಿ ಪರಿಹಾರ ಕೊಡಲು ಒಪ್ಪಿದರು. ಈಗ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಇದೆ. ಕಂಪ್ಯೂಟರ್ ಬಳಸಿ ಬೇರೆಯವರ ವೇಷದಲ್ಲಿ ವಂಚಿಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಮೊನ್ನೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಫೋನ್ ಹಿಡಿದುಕೊಂಡು ಬಂದರು. “ನೋಡಪ್ಪ, ಟ್ಯಾಕ್ಸ್ ರೀಫಂಡ್ ಬಂದಿದೆಯಂತೆ. ಖಾತೆ ನಂಬರ್ ತಾಳೆಯಾಗುತ್ತಿಲ್ಲವಂತೆ. ಇವತ್ತೇ ಸರಿಮಾಡದಿದ್ದರೆ ವಾಪಸ್ ಹೋಗುತ್ತಂತೆ” ಎಂದರು. ಮೇಲ್‌ನಲ್ಲಿ ಸಿಂಹಮುದ್ರೆ ಇತ್ತು, ಆದಾಯ ತೆರಿಗೆ ಇಲಾಖೆಯ ಹೆಸರಿತ್ತು, ಮೊತ್ತ ಪೈಸೆ ಸಮೇತ ಇತ್ತು. ಕಳುಹಿಸಿದವರ ಹೆಸರಿನ ಮೇಲೆ ಬೆರಳಿಟ್ಟೆ. ಒಳಗಿದ್ದ ವಿಳಾಸ ಯಾವುದೋ ಪರದೇಶದ ಟೈಲ್ಸ್ ಅಂಗಡಿಯದು. “ಮೇಷ್ಟ್ರೇ, ಈ ಲಿಂಕ್ ಮುಟ್ಟಬೇಡಿ. ನೀವು ರಿಟರ್ನ್ಸ್ ಹಾಕಿದ ಜಾಲತಾಣಕ್ಕೇ ನೇರವಾಗಿ ಹೋಗಿ ನೋಡೋಣ” ಎಂದೆ. ಅಲ್ಲಿ ಯಾವ ರೀಫಂಡೂ ಬಾಕಿ ಇರಲಿಲ್ಲ. ಅವರು ಆ ಮೇಲ್‌ಗೆ ಕೊಡಲು ಹೊರಟಿದ್ದು ಪಿಂಚಣಿ ಬರುವ ಖಾತೆಯ ವಿವರ. ಇ-ಮೇಲ್‌ನಲ್ಲಿ ಪಿನ್, ಪಾಸ್‌ವರ್ಡ್ ಕೇಳುವುದಿಲ್ಲ ಎಂದು ಇಲಾಖೆಯೇ ಎಷ್ಟೋ ಸಲ ಹೇಳಿದೆ. ಹೇಳಿದ್ದು ಮೇಷ್ಟ್ರ ತನಕ ಬಂದಿರಲಿಲ್ಲ.

ಜಾಲತಾಣದ ವಿಳಾಸದಲ್ಲಿ ಯಜಮಾನ ಯಾರೆಂದು ತಿಳಿಯಲು ಬಲಗಡೆಯಿಂದ ಓದಬೇಕು. ಕಾಗದದ ಮೇಲೆ ಮನೆ, ಬೀದಿ, ಊರು, ತಾಲ್ಲೂಕು, ಜಿಲ್ಲೆ ಎಂದು ಬರೆಯುತ್ತೇವಲ್ಲ, ಇಲ್ಲಿಯೂ ದೊಡ್ಡದು ಕೊನೆಗೆ. ಮೊದಲ ಒಂಟಿ ಓರೆಗೆರೆ (/) ಎಲ್ಲಿದೆ ನೋಡಿ. ಅದರ ಎಡಕ್ಕೆ ತೀರ ಹತ್ತಿರ ಇರುವುದೇ ನಿಜವಾದ ಹೆಸರು. ‘ನಿಮ್ಮಬ್ಯಾಂಕ್ ಡಾಟ್ ಕೆವೈಸಿಸಹಾಯ ಡಾಟ್ ಕಾಮ್’ ಎಂದಿದ್ದರೆ ಯಜಮಾನ ‘ಕೆವೈಸಿಸಹಾಯ’, ಬ್ಯಾಂಕಲ್ಲ. ಫೋನಿನಲ್ಲಾದರೆ ಲಿಂಕ್ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಪೂರ್ತಿ ವಿಳಾಸ ಕಾಣುತ್ತದೆ. ಬೆರಳು ತಟ್ಟಬಾರದು, ಒತ್ತಿ ಹಿಡಿಯಬೇಕು.

ಕಣ್ಣೂ ಮೋಸ ಹೋಗುತ್ತದೆ. ಇಂಗ್ಲಿಷಿನ ಸಣ್ಣಕ್ಷರದ ‘ಆರ್’ ಮತ್ತು ‘ಎನ್’ ಅಂಟಿ ಕೂತರೆ ‘ಎಂ’ ಆಗಿಬಿಡುತ್ತದೆ. ಇನ್ನೂ ಸೂಕ್ಷ್ಮದ್ದು ಲಿಪಿಯ ಮೋಸ. ಕನ್ನಡದ ‘ಬ’ ಮತ್ತು ತೆಲುಗಿನ ‘ಬ’ ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಅಕ್ಷರ. ಹಾಗೆಯೇ ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷಿನವುಗಳಂತೆಯೇ ಕಾಣುತ್ತವೆ. 2017ರಲ್ಲಿ ಸಂಶೋಧಕರೊಬ್ಬರು ಅಂಥ ಅಕ್ಷರಗಳಿಂದಲೇ ಆ್ಯಪಲ್ ಕಂಪನಿಯದೆಂದು ಕಾಣುವ ವಿಳಾಸ ನೋಂದಾಯಿಸಿ, ಬ್ರೌಸರ್‌ಗಳು ಹೇಗೆ ಏಮಾರುತ್ತವೆಂದು ತೋರಿಸಿಕೊಟ್ಟರು.

ವಿಳಾಸದ ಪಕ್ಕದ ಬೀಗದ ಚಿತ್ರ? ಅದು ನಡುದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ ಹೇಳುತ್ತದೆ. ಆ ತುದಿಯಲ್ಲಿ ಕೂತವನೇ ಕಳ್ಳನಾದರೆ ಬೀಗ ಏನು ಮಾಡೀತು! ಜನ ಅದನ್ನು ತಪ್ಪಾಗಿ ನಂಬುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರ್‌ನಿಂದ ಬೀಗದ ಚಿತ್ರ ತೆಗೆದುಹಾಕಿತು.

ಓದುಬರಹ ಬಾರದವರು ಮಾತ್ರ ಮೋಸ ಹೋಗುತ್ತಾರೆ ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಲಿಥುವೇನಿಯಾದ ಒಬ್ಬ ವ್ಯಕ್ತಿ ತೈವಾನಿನ ಕ್ವಾಂಟಾ ಕಂಪ್ಯೂಟರ್ ಕಂಪನಿಯ ಹೆಸರಿನಲ್ಲಿ ಸುಳ್ಳು ಬಿಲ್ ಕಳಿಸಿ 2013ರಿಂದ 2015ರ ನಡುವೆ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೊಡೆದ. ಕೊಟ್ಟವರು ಗೂಗಲ್ ಮತ್ತು ಫೇಸ್‌ಬುಕ್! 2019ರಲ್ಲಿ ಅವನಿಗೆ ಅಮೆರಿಕದಲ್ಲಿ 5 ವರ್ಷ ಶಿಕ್ಷೆಯಾಯಿತು.

2016ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಪ್ರಚಾರದ ಮುಖ್ಯಸ್ಥರಾಗಿದ್ದ ಜಾನ್ ಪೊಡೆಸ್ಟಾ ಅವರಿಗೆ “ನಿಮ್ಮ ಪಾಸ್‌ವರ್ಡ್ ಯಾರಿಗೋ ಸಿಕ್ಕಿದೆ” ಎಂದು ಗೂಗಲ್ ಹೆಸರಿನ ಮೇಲ್ ಬಂತು. ಸಿಬ್ಬಂದಿ ಎಚ್ಚರವಹಿಸಿ ತಂತ್ರಜ್ಞರನ್ನು ಕೇಳಿದರು. ಅವರು ಪಾಸ್‌ವರ್ಡ್ ಕೂಡಲೇ ಬದಲಿಸಿ ಎಂದು ಗೂಗಲ್‌ನ ಸರಿಯಾದ ಲಿಂಕ್ ಅನ್ನೂ ಕಳಿಸಿದರು. ಆದರೆ ಬಂದ ಮೇಲ್ ಅಸಲಿ ಎಂದು ಬರೆದುಬಿಟ್ಟರು, ನಕಲಿ ಎಂದು ಬರೆಯಲು ಹೋಗಿ ಹಾಗಾಯಿತು ಎಂದು ಆಮೇಲೆ ಹೇಳಿದರು. ಒತ್ತಿದ್ದು ಕಳ್ಳನ ಲಿಂಕನ್ನೇ. ಆ ಖಾತೆಯ ಸಾವಿರಾರು ಪತ್ರಗಳು ಅಕ್ಟೋಬರ್‌ನಲ್ಲಿ ವಿಕಿಲೀಕ್ಸ್‌ನಲ್ಲಿ ಬಯಲಾದವು. ಸರಿಯಾದ ದಾರಿ ತಂತ್ರಜ್ಞರ ಆ ಉತ್ತರದಲ್ಲೇ ಇತ್ತು. ಬಂದ ಮೇಲ್ ತೋರಿಸುವ ದಾರಿಯಲ್ಲಿ ಹೋಗಬಾರದು, ನಮಗೆ ಮೊದಲೇ ಗೊತ್ತಿರುವ ದಾರಿಯಲ್ಲಿ ಹೋಗಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಸಿಕ್ಕಿಲ್ಲ.

ತಪ್ಪು ಇಂಗ್ಲಿಷ್ ಕಂಡರೆ ಮೋಸ ಎಂಬ ಹಳೆಯ ಗುರುತನ್ನು ಬಿಟ್ಟುಬಿಡಿ. ಎಐ ಬಂದ ಮೇಲೆ ಕಳ್ಳನೂ ಶುದ್ಧವಾಗಿ ಬರೆಯುತ್ತಾನೆ, ಕನ್ನಡದಲ್ಲೂ. ಬದಲಾಗದ ಗುರುತು ಅವಸರ: “ಇವತ್ತೇ”, “24 ಗಂಟೆಯೊಳಗೆ”, “ಖಾತೆ ಬಂದ್ ಆಗುತ್ತದೆ”.

ಬ್ಯಾಂಕ್‌ಗಳ ವಿಳಾಸ ಗುರುತಿಸುವುದು ಈಗ ಸುಲಭವಾಗಿದೆ. ಎಲ್ಲ ಬ್ಯಾಂಕ್‌ಗಳ ಜಾಲತಾಣವೂ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಆದೇಶಿಸಿ, ಅಕ್ಟೋಬರ್ 31ರ ಗಡುವು ಕೊಟ್ಟಿತು. ಈ ವಿಳಾಸವನ್ನು ನೋಂದಾಯಿಸಿ ಕೊಡುವುದು ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಮಾತ್ರ, ಬ್ಯಾಂಕಲ್ಲದವರಿಗೆ ಸಿಗುವುದಿಲ್ಲ. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ.

ಪಾಸ್‌ವರ್ಡ್ ಜೊತೆಗೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಭದ್ರತಾ ಕೀಲಿ ಕಡ್ಡಾಯ ಮಾಡಿದ ಮೇಲೆ ತನ್ನ 85,000ಕ್ಕೂ ಹೆಚ್ಚು ಸಿಬ್ಬಂದಿಯಲ್ಲಿ ಒಬ್ಬರ ಕೆಲಸದ ಖಾತೆಯೂ ಫಿಶಿಂಗ್‌ಗೆ ಬಲಿಯಾಗಿಲ್ಲ ಎಂದು ಗೂಗಲ್ 2018ರಲ್ಲಿ ಹೇಳಿತ್ತು. ಕಾರಣ ಸರಳ: ಮನುಷ್ಯನ ಕಣ್ಣು ನಕಲಿ ವಿಳಾಸಕ್ಕೆ ಸೋಲಬಹುದು, ಕೀಲಿ ಸೋಲುವುದಿಲ್ಲ. ನಮ್ಮ ಫೋನ್‌ಗಳಲ್ಲಿ ಈಗ ಬರುವ ‘ಪಾಸ್‌ಕೀ’ ಕೆಲಸ ಮಾಡುವುದೂ ಹೀಗೆಯೇ.

ಲಿಂಕ್ ಒತ್ತಿ ವಿವರ ಕೊಟ್ಟೇಬಿಟ್ಟಿದ್ದರೆ? ನಾಚಿಕೆಯಿಂದ ಮುಚ್ಚಿಡಬೇಡಿ. ಪಾಸ್‌ವರ್ಡ್ ಬದಲಿಸಿ, ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್, ಖಾತೆ ತಡೆಹಿಡಿಸಿ. ಗ್ರಾಹಕರೇ ಪಾಸ್‌ವರ್ಡ್ ಕೊಟ್ಟು ನಷ್ಟವಾದರೆ ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು ಎಂದು 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳಿದೆ. ಹಾಗಾಗಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ದೂರು ಕೊಡಲು ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ (ಸೆನ್) ಪೊಲೀಸ್ ಠಾಣೆಗಳಿವೆ. ಅದಕ್ಕೂ ಮೊದಲು, ಕೂತಲ್ಲಿಂದಲೇ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ನಾಲ್ಕು ಅಂಕಿಗಳನ್ನು ಇವತ್ತೇ ನಿಮ್ಮ ಅಪ್ಪ ಅಮ್ಮನ ಫೋನಿನಲ್ಲೂ ಉಳಿಸಿಕೊಡಿ.