ಶಾಲೆಗೆ ಹೋಗದ ಮಗುವಿಗೆ ಇಡೀ ಊರು ಬೇಕು

ಮಕ್ಕಳನ್ನು ಶಾಲೆಯಿಂದ ಹೊರಗೆ ಬೆಳೆಸಲು ಹೊರಟವರು ಪಠ್ಯಕ್ಕಿಂತ ಮೊದಲು ಹುಡುಕಬೇಕಾದದ್ದು ಕೈಹಿಡಿಯುವ ನೆರೆಹೊರೆಯನ್ನು

ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವಿದೆ. ಈಗ ಅದು ಸರ್ಕಾರ ನೋಡಿಕೊಳ್ಳುವ ಸ್ಮಾರಕ. ಕಾರಂತರು ಬಾಳಿದ ಮನೆಯನ್ನು ನೋಡಲು ಜನ ಬರುತ್ತಾರೆ. ಸಾಹಿತ್ಯದ, ರಂಗಭೂಮಿಯ ಕಾರ್ಯಕ್ರಮಗಳು ನಡೆಯುತ್ತವೆ. 1930ರ ದಶಕದಲ್ಲಿ ಈ ಜಾಗವನ್ನು ಕಟ್ಟತೊಡಗಿದಾಗ ಕಾರಂತರ ಮನಸ್ಸಿನಲ್ಲಿ ಇದ್ದದ್ದು ಮಕ್ಕಳು. ಉರು ಹೊಡೆಸಿ ಕಲಿಸುವ ಶಾಲೆ ಅವರಿಗೆ ಒಗ್ಗಿರಲಿಲ್ಲ. ಆಟ, ಕುಣಿತ, ಚಿತ್ರ, ನಾಟಕ, ತಿರುಗಾಟಗಳ ನಡುವೆ ಮಗು ಅರಳುತ್ತದೆ ಎಂಬುದು ಅವರ ನಂಬಿಕೆ. ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಕೂತು ಬರೆದದ್ದೂ ಅದೇ ನಂಬಿಕೆಯಿಂದ.

ಆ ನಂಬಿಕೆಯನ್ನು ಕಾರಂತರು ತಮ್ಮ ಮನೆಯಲ್ಲೇ ಬಾಳಿ ನೋಡಿದರು. ಅವರ ಮಗ ಉಲ್ಲಾಸ ಕಾರಂತ ಬಾಲ್ಯದ ಮೊದಲ ವರ್ಷಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲೇ ಕಲಿತವರು. ಮುಂದೆ ಎಂಜಿನಿಯರಿಂಗ್ ಓದಿದರು. ಆಮೇಲೆ ಅದನ್ನು ಬಿಟ್ಟು ಕಾಡಿನ ದಾರಿ ಹಿಡಿದು, ನಾಗರಹೊಳೆಯ ಹುಲಿಗಳ ಅಧ್ಯಯನದಿಂದ ಜಗತ್ತಿಗೆಲ್ಲ ಪರಿಚಿತರಾದರು. ಬಾಲವನದಲ್ಲಿ ಒಂದು ಮಗುವಿನ ಸುತ್ತ ಏನೇನಿತ್ತು ಎಂದು ಯೋಚಿಸಿ: ಸದಾ ಬರೆಯುವ ತಂದೆ, ಕೈಗೆಟುಕುವ ಪುಸ್ತಕಗಳು, ನಾಟಕ–ಯಕ್ಷಗಾನದ ಗದ್ದಲ, ಬಂದುಹೋಗುವ ಕಲಾವಿದರು, ವಿದ್ವಾಂಸರು, ಹೊರಗೆ ಮರ, ಹಕ್ಕಿ, ಗುಡ್ಡ. ಮಗುವನ್ನು ಶಾಲೆಗೆ ಕಳಿಸದೆ ಇರುವುದಷ್ಟೇ ಅಲ್ಲಿ ನಡೆದದ್ದಲ್ಲ. ಕಲಿಯಲು ತಕ್ಕ ಜಾಗವೊಂದನ್ನು ಹಿರಿಯರು ಮೊದಲು ಕಟ್ಟಿಕೊಟ್ಟಿದ್ದರು. ಶಾಲೆಯಿಲ್ಲದ ಈ ಕಲಿಕೆ, ಅಂದರೆ ಅನ್‌ಸ್ಕೂಲಿಂಗ್ ಕುರಿತು ಇಂದು ಕೇಳುವ ಮಾತುಗಳಲ್ಲಿ ಈ ಎರಡನೆಯ ಸಂಗತಿಯೇ ಮರೆತುಹೋಗುತ್ತಿದೆ.

ಹಾಲ್ಟ್ ಹಾಕಿದ ದಾರಿ

ಶಾಲೆ ಬಿಡಿಸಿದ ಮನೆಗಳೆಲ್ಲ ಒಂದೇ ಬಗೆಯವಲ್ಲ. ಹೋಮ್‌ಸ್ಕೂಲಿಂಗ್ ಮಾಡುವ ಅನೇಕರು ಪಠ್ಯಪುಸ್ತಕ, ವೇಳಾಪಟ್ಟಿ, ಪರೀಕ್ಷೆ ಎಲ್ಲವನ್ನೂ ಮನೆಯೊಳಗೆ ತರುತ್ತಾರೆ. ಅನ್‌ಸ್ಕೂಲಿಂಗ್ ಮಾಡುವವರು ಅದನ್ನೂ ಬದಿಗಿಡುತ್ತಾರೆ. ಮಗುವಿಗೆ ಯಾವುದರಲ್ಲಿ ಆಸಕ್ತಿಯೋ ಅಲ್ಲಿಂದಲೇ ಕಲಿಕೆ ಶುರು. ಅಡುಗೆಯಿಂದ ಅಳತೆ, ಬಸ್ಸಿನ ಬೋರ್ಡಿನಿಂದ ಓದು, ಕ್ರಿಕೆಟ್ ಸ್ಕೋರಿನಿಂದ ಸರಾಸರಿ.

ಈ ವಿಚಾರಕ್ಕೆ ಹೆಸರು ಕೊಟ್ಟು ಬೆಳೆಸಿದವರು ಅಮೆರಿಕದ ಜಾನ್ ಹಾಲ್ಟ್ (1923–1985). ಸ್ವತಃ ಮೇಷ್ಟರಾಗಿದ್ದ ಅವರು ಮಕ್ಕಳು ತರಗತಿಯಲ್ಲಿ ಕಲಿಯುವ ಬದಲು ಟೀಚರಿಗೆ ಬೇಕಾದ ಉತ್ತರವನ್ನು ಊಹಿಸುವುದರಲ್ಲೇ ದಣಿಯುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡು, 1964ರಲ್ಲಿ ‘ಹೌ ಚಿಲ್ಡ್ರನ್ ಫೇಲ್’ ಬರೆದರು. ಮೊದಮೊದಲು ಶಾಲೆಗಳನ್ನು ಸುಧಾರಿಸುವ ಆಸೆ ಅವರಿಗಿತ್ತು. ಅದು ಕೈಗೂಡದೆಂದು ಅನಿಸಿದ ಮೇಲೆ 1977ರಲ್ಲಿ ‘ಗ್ರೋಯಿಂಗ್ ವಿದೌಟ್ ಸ್ಕೂಲಿಂಗ್’ ಎಂಬ ಪತ್ರಿಕೆ ಆರಂಭಿಸಿದರು. ಅದರಲ್ಲಿ ಪೋಷಕರ ಪತ್ರಗಳ ಜತೆಗೆ, ಮಕ್ಕಳನ್ನು ಹೀಗೆ ಬೆಳೆಸುತ್ತಿರುವ ಕುಟುಂಬಗಳ ಪಟ್ಟಿಯೂ ಅಚ್ಚಾಗುತ್ತಿತ್ತು. ನಮ್ಮ ಹತ್ತಿರದಲ್ಲಿ ನಮ್ಮಂಥವರು ಯಾರಿದ್ದಾರೆ ಎಂದು ಹುಡುಕುವವರಿಗೆ ಆ ಪಟ್ಟಿಯೇ ಆಸರೆ. ಆಗಿನ್ನೂ ಅಮೆರಿಕದ ಹಲವು ರಾಜ್ಯಗಳಲ್ಲಿ ಇಂಥ ಪೋಷಕರು ಕೋರ್ಟಿಗೆ ಅಲೆಯಬೇಕಿತ್ತು. 1990ರ ದಶಕದ ಹೊತ್ತಿಗೆ ಎಲ್ಲ 50 ರಾಜ್ಯಗಳಲ್ಲೂ ಮನೆಯ ಕಲಿಕೆಗೆ ಕಾನೂನಿನ ಒಪ್ಪಿಗೆ ಸಿಕ್ಕಿತು. ಪರಸ್ಪರ ಗುರುತು ಹಿಡಿದು ಒಟ್ಟಾದ ಕುಟುಂಬಗಳ ಪಾತ್ರ ಅದರಲ್ಲಿ ದೊಡ್ಡದು.

ನಮ್ಮ ದೇಶದಲ್ಲೂ ಇದಕ್ಕೆ ಬೇರುಗಳಿವೆ. ಕೇರಳದ ಅಟ್ಟಪ್ಪಾಡಿಯಲ್ಲಿ ಗೋಪಾಲಕೃಷ್ಣನ್ ಮತ್ತು ವಿಜಯಲಕ್ಷ್ಮಿ ಎಂಬ ಶಿಕ್ಷಕ ದಂಪತಿ 1980ರ ದಶಕದಲ್ಲಿ ಬೋಳುಗುಡ್ಡವೊಂದರಲ್ಲಿ ನೆಲೆಸಿ ‘ಸಾರಂಗ್’ ಕಟ್ಟಿದರು. ಗುಡ್ಡಕ್ಕೆ ಹಸಿರು ಮರಳಿ ಬರುವಂತೆ ದುಡಿಯುವುದು ಮತ್ತು ಮಕ್ಕಳನ್ನು ಬೆಳೆಸುವುದು ಅವರಿಗೆ ಒಂದೇ ಕೆಲಸವಾಯಿತು. ರಾಜಸ್ಥಾನದ ಉದಯಪುರದಲ್ಲಿ 1998ರಿಂದ ಇರುವ ‘ಶಿಕ್ಷಾಂತರ್’ ಸಂಸ್ಥೆ ಇಡೀ ನಗರವನ್ನೇ ಕಲಿಕೆಯ ಜಾಗವಾಗಿ ಕಾಣುತ್ತದೆ. ಅಲ್ಲಿನ ಕುಶಲಕರ್ಮಿಗಳು, ಅಡುಗೆಯವರು, ರೈತರು ಕಲಿಸುವವರು. ಕುಟುಂಬಗಳು ವರ್ಷಕ್ಕೊಮ್ಮೆ ಸೇರಿ ಮಾತಾಡುವ, ಮಕ್ಕಳು ಒಟ್ಟಿಗೆ ಆಡುವ ಕೂಟಗಳೂ ದೇಶದ ಅಲ್ಲಲ್ಲಿ ನಡೆಯುತ್ತವೆ.

ಹೆಗ್ಗೋಡಿನಂಥ ಊರಿನಲ್ಲಿ

ಕರ್ನಾಟಕದಲ್ಲಿ ಇಂಥ ಮಗುವಿಗೆ ಒಗ್ಗುವ ಊರು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಸಾಗರ ತಾಲ್ಲೂಕಿನ ಹೆಗ್ಗೋಡು. 1949ರಲ್ಲಿ ಊರವರೇ ಸೇರಿ ಕಟ್ಟಿದ ರಂಗಸಂಸ್ಥೆ ನೀನಾಸಂ ಅಲ್ಲಿದೆ. ಅದರ ರಂಗಮಂದಿರಕ್ಕೆ ಶಿವರಾಮ ಕಾರಂತರದೇ ಹೆಸರು. 1980ರಿಂದ ರಂಗಶಿಕ್ಷಣ ಕೇಂದ್ರ, 1985ರಿಂದ ನಾಡೆಲ್ಲ ಸುತ್ತುವ ‘ತಿರುಗಾಟ’ ನಾಟಕ ತಂಡ, ಜತೆಗೆ ಅಕ್ಷರ ಪ್ರಕಾಶನದ ಪುಸ್ತಕಗಳು. ಅಡಿಕೆ ತೋಟದ ನಡುವಿನ ಹಳ್ಳಿಯೊಂದರಲ್ಲಿ ಸಂಜೆ ಷೇಕ್ಸ್‌ಪಿಯರ್ ನಾಟಕದ ತಾಲೀಮು ನಡೆಯುತ್ತದೆ, ಊರಿನ ಮಕ್ಕಳು ಬಂದು ಕೂತು ನೋಡುತ್ತಾರೆ.

ಪಕ್ಕದ ಭೀಮನಕೋಣೆಯಲ್ಲಿ ‘ಚರಕ’ ಇದೆ. ಹಳ್ಳಿಯ ಹೆಣ್ಣುಮಕ್ಕಳ ಕೈಮಗ್ಗದ ಸಹಕಾರ ಸಂಘ. ಅಲ್ಲಿ ಬಟ್ಟೆಗೆ ಹಾಕುವುದು ಗಿಡಮೂಲದ ಬಣ್ಣ. ಅದರಲ್ಲೊಂದು, ಮಲೆನಾಡಿನ ಪ್ರತಿ ಮನೆಗೂ ಗೊತ್ತಿರುವ ಅಡಿಕೆ ಚೊಗರು. ಅಡಿಕೆ ಬೇಯಿಸಿ ಉಳಿದ ಆ ಕೆಂಪುಕಂದು ರಸ ಅಂಗಿಗೆ ತಾಗಿದರೆ ಕಲೆ ಹೋಗುವುದಿಲ್ಲ ಎಂದು ಅಮ್ಮಂದಿರು ಗದರುವುದುಂಟು. ಬಣ್ಣದ ಮನೆಯಲ್ಲಿ ಅದೇ ಗುಣವೇ ಬಂಡವಾಳ. ಚೊಗರಿನಲ್ಲಿ ಅದ್ದಿದ ನೂಲು ಕೆಂಪುಗಂದಾಗುತ್ತದೆ. ಅದೇ ರಸಕ್ಕೆ ಕಬ್ಬಿಣದ ಅಂಶ ಸೇರಿತೆಂದರೆ ಬಣ್ಣ ಕಪ್ಪಿನತ್ತ ತಿರುಗುತ್ತದೆ. ಪಟಿಕ ಸೇರಿಸಿದರೆ ಬಣ್ಣ ನೂಲಿಗೆ ಗಟ್ಟಿಯಾಗಿ ಕಚ್ಚುತ್ತದೆ.

ಇದನ್ನು ನಿಂತು ನೋಡಿದ ಒಂಬತ್ತು ವರ್ಷದ ಮಗು ಹತ್ತು ಪ್ರಶ್ನೆ ಕೇಳದೆ ಬಿಡುವುದಿಲ್ಲ. ಕಬ್ಬಿಣ ಏಕೆ? ತಾಮ್ರ ಹಾಕಿದರೆ? ಮನೆಯ ಚೊಗರಿಗೆ ತುಕ್ಕು ಹಿಡಿದ ಮೊಳೆ ಹಾಕಿದರೆ ಏನಾಗುತ್ತದೆ? ಅಲ್ಲಿಂದ ಟ್ಯಾನಿನ್‌ಗೆ, ಲವಣಕ್ಕೆ, ರಸಾಯನ ವಿಜ್ಞಾನಕ್ಕೆ ಹಾದಿ ತೆರೆಯುತ್ತದೆ. ನೂಲು ಎಷ್ಟು, ಬಣ್ಣ ಎಷ್ಟು ಎಂಬಲ್ಲಿ ಪ್ರಮಾಣದ ಲೆಕ್ಕವಿದೆ. ಸೀರೆಯೊಂದಕ್ಕೆ ಎಷ್ಟು ಕೂಲಿ ಬಿತ್ತು, ಅಂಗಡಿಯಲ್ಲಿ ಎಷ್ಟಕ್ಕೆ ಮಾರಿತು ಎಂಬಲ್ಲಿ ಅರ್ಥಶಾಸ್ತ್ರವಿದೆ. ಇದಕ್ಕೆಲ್ಲ ಬೇಕಾದದ್ದು ಒಂದೇ: ಕೆಲಸ ಮಾಡುತ್ತಿರುವವರು ಮಗು ಬಾಗಿಲಲ್ಲಿ ನಿಲ್ಲುವುದನ್ನು ಸಹಿಸಬೇಕು, ಕೇಳಿದ್ದಕ್ಕೆ ಉತ್ತರ ಹೇಳುವಷ್ಟು ಪುರುಸೊತ್ತು ಮಾಡಿಕೊಳ್ಳಬೇಕು. ಹಾಗೆ ನಿಲ್ಲಗೊಡುವ ಜಾಗಗಳು ಎಷ್ಟಿವೆ ಎಂಬುದರ ಮೇಲೆ ಊರಿನ ಯೋಗ್ಯತೆಯನ್ನು ಅಳೆಯಬಹುದು. ಬಡಗಿಯ ಅಂಗಳ, ಸೈಕಲ್ ಶಾಪು, ಕುಲುಮೆ, ನರ್ಸರಿ, ಹಾಲಿನ ಡೇರಿ, ಗ್ಯಾರೇಜು: ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ನಗರದಲ್ಲಿ, ಹಳ್ಳಿಯಲ್ಲಿ

ಅನ್‌ಸ್ಕೂಲಿಂಗ್ ಎಂದರೆ ನಗರ ಬಿಟ್ಟು ತೋಟ ಸೇರುವುದು ಎಂದು ಅನೇಕರು ಭಾವಿಸಿದ್ದಾರೆ. ಹಾಗೇನಿಲ್ಲ. ಹತ್ತು ಎಕರೆ ತೋಟದ ನಡುವೆ ಒಂಟಿ ಮನೆಯಿದ್ದು, ಆಡಲು ಇನ್ನೊಂದು ಮಗುವೇ ಇಲ್ಲದಿದ್ದರೆ ಆ ಹಸಿರು ಮಗುವಿಗೆ ಸೆರೆಮನೆಯಾದೀತು. ಬೆಂಗಳೂರಿನ ಕಬ್ಬನ್ ಪಾರ್ಕ್ ಒಂದನ್ನೇ ನೋಡಿ. ಅಲ್ಲಿ ಕೇಂದ್ರ ಗ್ರಂಥಾಲಯವಿದೆ, ಬಾಲಭವನವಿದೆ. ಪಕ್ಕದ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಸ್ತುಸಂಗ್ರಹಾಲಯ. ಅದರ ಎಂಜಿನ್‌ಗಳ ಮುಂದೆ, ರೈಟ್ ಸೋದರರ ವಿಮಾನದ ಪೂರ್ಣಗಾತ್ರದ ಮಾದರಿಯ ಮುಂದೆ ಗಂಟೆಗಟ್ಟಲೆ ನಿಲ್ಲುವ ಮಕ್ಕಳಿದ್ದಾರೆ. ಶಾಲಾ ಪ್ರವಾಸದಲ್ಲಿ ಸಾಲಾಗಿ ಬಂದ ಮಗುವಿಗೆ ಅಲ್ಲಿ ಸಿಗುವುದು ಕೆಲವೇ ನಿಮಿಷ. ಮನಸ್ಸು ತುಂಬುವವರೆಗೆ ಒಂದೇ ಯಂತ್ರದ ಮುಂದೆ ನಿಲ್ಲುವ ಬಿಡುವು ಶಾಲೆಗೆ ಹೋಗದ ಮಗುವಿಗಿದೆ. ಅಲ್ಲಿಂದ ಬಹುದೂರವಲ್ಲದ ನೆಹರೂ ತಾರಾಲಯ 1989ರಿಂದ ಮಕ್ಕಳಿಗೆ ಆಕಾಶ ತೋರಿಸುತ್ತಿದೆ. ಮೈಸೂರಿನಲ್ಲಿ ರಂಗಾಯಣದ ಬೇಸಿಗೆಯ ಚಿನ್ನರ ಮೇಳವಿದೆ.

ಹಳ್ಳಿಗಳಲ್ಲೂ ಸದ್ದಿಲ್ಲದೆ ಒಂದು ಒಳ್ಳೆಯ ಬದಲಾವಣೆ ಆಗಿದೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದ ಮೇಲೆ ‘ಅರಿವು ಕೇಂದ್ರ’ಗಳಾಗಿ ಹೊಸ ರೂಪ ಪಡೆದಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಬಣ್ಣ ಬಳಿದ ಗೋಡೆ, ನೆಲಕ್ಕೆ ಹಾಸಿದ ಜಮಖಾನ, ಕೇರಂ ಬೋರ್ಡು, ಚದುರಂಗ, ಕಂಪ್ಯೂಟರ್ ಇರುವ ಅರಿವು ಕೇಂದ್ರಗಳನ್ನು ಈಗ ಅನೇಕ ಊರುಗಳಲ್ಲಿ ಕಾಣಬಹುದು. ಮೇಲ್ವಿಚಾರಕರು ಮಕ್ಕಳನ್ನು ಪ್ರೀತಿಯಿಂದ ಕರೆದು ಕೂರಿಸುವ ಕಡೆ ಈ ಕೇಂದ್ರವೇ ಊರ ಮಕ್ಕಳೆಲ್ಲರ ಮನೆಯಾಗುತ್ತದೆ.

ಕಾನೂನು ಮತ್ತು ಪರೀಕ್ಷೆ

ಈ ಹಾದಿ ಹಿಡಿಯುವವರು ಕಾನೂನನ್ನು ಸ್ಪಷ್ಟವಾಗಿ ತಿಳಿದಿರಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕು ನೀಡಿದೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ ಅದರ 10ನೇ ಸೆಕ್ಷನ್. ಸೇರಿಸದ ಪೋಷಕರಿಗೆ ಆ ಕಾಯ್ದೆಯಲ್ಲಿ ದಂಡನೆ ಇಲ್ಲ. ಮನೆಯಲ್ಲಿ ಕಲಿಯುವ ಮಗುವಿನ ಪ್ರಸ್ತಾಪವೂ ಇಲ್ಲ. ಹಾಗಾಗಿ ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಶಿಕ್ಷಕರು ಮನೆಗೆ ಬಂದರೆ ಅವರನ್ನು ಕೂರಿಸಿ, ಮಗು ಮಾಡಿದ್ದನ್ನೆಲ್ಲ ತೋರಿಸಿ ವಿವರಿಸಬೇಕು. ಅವರು ಬರುವುದು ಮಗುವಿನ ಹಿತಕ್ಕಾಗಿಯೇ. ಮಗು ಏನು ಓದಿತು, ಏನು ಮಾಡಿತು, ಎಲ್ಲಿ ಹೋಗಿತ್ತು ಎಂದು ಬರೆದಿಟ್ಟ ನೋಟ್‌ಬುಕ್ಕು, ಚಿತ್ರಗಳು, ಫೋಟೊಗಳು ಆಗ ಮಾತಾಡುತ್ತವೆ.

ಪರೀಕ್ಷೆಯ ಬಾಗಿಲೂ ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, 14 ವರ್ಷ ತುಂಬಿದವರಿಗೆ ಹತ್ತನೇ ತರಗತಿಗೆ ಸಮನಾದ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತದೆ. ವರ್ಷಕ್ಕೆ ಎರಡು ಬಾರಿ ಸಾರ್ವಜನಿಕ ಪರೀಕ್ಷೆ ಇರುತ್ತದೆ. ಎಲ್ಲ ವಿಷಯಗಳನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ, ಐದು ವರ್ಷಗಳೊಳಗೆ ಒಂದೊಂದಾಗಿ ಮುಗಿಸಬಹುದು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವ ದಾರಿಯೂ ರಾಜ್ಯದಲ್ಲಿ ಹಿಂದಿನಿಂದ ಇದೆ. ಯಾವ ದಾರಿ ಹಿಡಿದರೆ ಮುಂದೆ ಯಾವ ಕೋರ್ಸು ಸಿಗುತ್ತದೆ ಎಂಬುದನ್ನು ಮಗುವಿಗೆ ಹನ್ನೆರಡು ತುಂಬುವ ಹೊತ್ತಿಗೆ ವಿಚಾರಿಸಿಟ್ಟುಕೊಳ್ಳುವುದು ಜಾಣತನ.

ಮರೆಯಬಾರದ ಮಾತು

ಶಾಲೆ ಈ ನಾಡಿನಲ್ಲಿ ಹೋರಾಡಿ ಪಡೆದ ಹಕ್ಕು. ಅಕ್ಷರವನ್ನೇ ನಿರಾಕರಿಸಲಾಗಿದ್ದ ಕೇರಿಗಳ ಮಕ್ಕಳಿಗೆ, ಓದಿನ ಮೊದಲ ತಲೆಮಾರಿಗೆ, ಹದಿನೈದಕ್ಕೇ ಮದುವೆಯ ಮಾತು ಕೇಳುವ ಹೆಣ್ಣುಮಕ್ಕಳಿಗೆ ಸರ್ಕಾರಿ ಶಾಲೆಯೇ ದೊಡ್ಡ ಆಸರೆ. ಮಧ್ಯಾಹ್ನದ ಬಿಸಿಯೂಟ, ಬೇರೊಂದು ಬದುಕಿನ ಕನಸು, ಗೆಳತಿಯರ ಬಲ ಅಲ್ಲಿ ಸಿಗುತ್ತದೆ. ಬಡತನದಿಂದ ಶಾಲೆ ಬಿಟ್ಟ ಮಗುವಿನ ಸ್ಥಿತಿಯನ್ನು ಅನ್‌ಸ್ಕೂಲಿಂಗ್ ಜತೆ ಯಾರೂ ಬೆರೆಸಬಾರದು. ಆ ಮಗುವನ್ನು ಶಾಲೆಗೆ ಮರಳಿ ತರುವುದೇ ಸರಿ.

ಇನ್ನೊಂದು ಭಾರ ಮನೆಯೊಳಗಿನದು. ಶಾಲೆ ಬೇಡವೆಂದು ತೀರ್ಮಾನಿಸುವುದು ಅಪ್ಪ ಅಮ್ಮ ಇಬ್ಬರೂ, ಮನೆಯಲ್ಲಿ ಉಳಿಯುವುದು ಹೆಚ್ಚಾಗಿ ಅಮ್ಮ. ಅಡುಗೆ, ಮಗು, ನೆಂಟರ ಪ್ರಶ್ನೆಗಳು ಎಲ್ಲವೂ ಅವಳ ತಲೆಯ ಮೇಲೆ. “ಯಾವ ಕ್ಲಾಸು ಪುಟ್ಟಾ?” “ಇನ್ನೂ ಮಗ್ಗಿ ಬರಲ್ವಾ?” ಎಂದು ಮದುವೆಮನೆಗಳಲ್ಲಿ ಕೇಳಿದಾಗ ಮುಖ ಸಣ್ಣಗಾಗುವುದು ಮಗುವಿನದು. ನಾಲ್ಕು ಗೋಡೆಗಳ ನಡುವೆಯೇ ಬೆಳೆದ ಮಗುವಿಗೆ ಕಷ್ಟವೊಂದು ಬಂದರೆ ಹೇಳಿಕೊಳ್ಳಲು ಹೊರಗಿನ ಹಿರಿಯರು ಯಾರೂ ಇರುವುದಿಲ್ಲ ಎಂಬುದು ಇನ್ನೂ ಗಂಭೀರವಾದದ್ದು. ಅದಕ್ಕಾಗಿಯೇ ನೆರವಿನ ಜಾಗ ಬೇಕು.

ಜಾಗ ಆರಿಸುವಾಗ ಬಾಡಿಗೆ, ನೀರು, ಇಂಟರ್‌ನೆಟ್ ಆದಮೇಲೆ ಇವನ್ನೂ ಕೇಳಿಕೊಳ್ಳಿ. ಮಗು ಒಂಟಿಯಾಗಿ ನಡೆದೋ ಸೈಕಲ್ಲಿನಲ್ಲೋ ಹೋಗಬಹುದಾದ ದೂರದಲ್ಲಿ ಗ್ರಂಥಾಲಯ, ಆಟದ ಬಯಲು ಇವೆಯೇ? ಸಂಜೆ ಶಾಲೆಯಿಂದ ಬರುವ ಮಕ್ಕಳು ನಿಮ್ಮ ಮಗುವನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆಯೇ? ಇದೇ ದಾರಿಯ ಎರಡು ಮೂರು ಕುಟುಂಬಗಳು ವಾರಕ್ಕೊಮ್ಮೆ ಸೇರುವಷ್ಟು ಹತ್ತಿರ ಇವೆಯೇ? ಅಪ್ಪ ಅಮ್ಮನ ಹೊರತಾಗಿ ಮಗು ನಂಬುವ ಇಬ್ಬರಾದರೂ ಹಿರಿಯರು ಸಿಗುತ್ತಾರೆಯೇ? ನಾಳೆ ಮಗುವೇ “ನಾನು ಶಾಲೆಗೆ ಹೋಗ್ತೀನಿ” ಎಂದರೆ ಸೇರಿಸಲು ಹತ್ತಿರದಲ್ಲಿ ಒಳ್ಳೆಯ ಶಾಲೆ ಇದೆಯೇ? ಮಗುವಿನ ಇಷ್ಟವನ್ನೇ ನಂಬಿ ಹೊರಟವರು ಈ ಕೊನೆಯ ಇಷ್ಟವನ್ನೂ ಗೌರವಿಸಬೇಕು. ಊರು ಬದಲಿಸುವ ಮೊದಲು ಅಲ್ಲಿ ಒಂದೆರಡು ತಿಂಗಳು ಇದ್ದು ನೋಡಿದರೆ ಇದಕ್ಕೆಲ್ಲ ಉತ್ತರ ತಾನಾಗಿ ತಿಳಿಯುತ್ತದೆ.

ಇಷ್ಟನ್ನೂ ಓದಿದ ಮೇಲೆ, ನಮ್ಮ ಮಕ್ಕಳು ಶಾಲೆಗೇ ಹೋಗುತ್ತಾರೆ, ನಮಗೇಕೆ ಇದು ಎಂದು ಅನಿಸಬಹುದು. ಬಾಗಿಲು ತೆರೆದ ಗ್ರಂಥಾಲಯ, ಪ್ರಶ್ನೆಗೆ ಉತ್ತರ ಹೇಳುವ ಬಡಗಿ, ಮಕ್ಕಳನ್ನು ತಾಲೀಮಿಗೆ ಬಿಟ್ಟುಕೊಳ್ಳುವ ನಾಟಕ ತಂಡ, ನಿರ್ಭಯವಾಗಿ ಸೈಕಲ್ ತುಳಿಯುವ ರಸ್ತೆ ಯಾವ ಮಗುವಿಗೆ ಬೇಡ? ಶನಿವಾರ ಮಧ್ಯಾಹ್ನ, ಬೇಸಿಗೆ ರಜೆಯಲ್ಲಿ ಮೊಬೈಲು ಹಿಡಿದು ಕೂರುವ ಮಕ್ಕಳಿಗೂ ಅವು ಅಷ್ಟೇ ಬೇಕು. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ. ವಾರದಲ್ಲಿ ಒಂದು ಗಂಟೆ ನಿಮ್ಮ ಕಸುಬನ್ನು ಮಕ್ಕಳಿಗೆ ತೋರಿಸುತ್ತೇನೆಂದು ಅಲ್ಲಿ ಹೇಳಿ ಬನ್ನಿ. ಅನ್‌ಸ್ಕೂಲಿಂಗ್ ಕುಟುಂಬಗಳು ಅರಸುತ್ತಿರುವ ಊರು ಹಾಗೆ ನಿಮ್ಮಲ್ಲೇ ಆಗತೊಡಗುತ್ತದೆ, ಅದರ ಲಾಭ ಊರಿನ ಎಲ್ಲ ಮಕ್ಕಳಿಗೂ ಸಲ್ಲುತ್ತದೆ.